ಹದಿನಾಲ್ಕು ಗುಳಿಗೆ, ಮೂವರು ಸೊಸೆಯಂದಿರು

ಜೀಪಿನಲ್ಲಿ ನಾವು ನಾಲ್ವರು ಇರುತ್ತಿದ್ದೆವು. ಮುಂದೆ ಡ್ರೈವರ್ ಅಣ್ಣ, ಅವನ ಪಕ್ಕದಲ್ಲಿ ಡಾಕ್ಟರಬಾಯಿ, ಹಿಂದೆ ಲ್ಯಾಬ್ ಕೆಲಸದ ನಾನು, ನನ್ನ ತೊಡೆಯ ಮೇಲೆ ಸೂಕ್ಷ್ಮದರ್ಶಕ. ಸೂಕ್ಷ್ಮದರ್ಶಕವನ್ನು ಒಬ್ಬರೆಂದು ಎಣಿಸಿದ್ದು ತಮಾಷೆಗಲ್ಲ. ಅದಕ್ಕೆ ಏಟು ಬಿದ್ದರೆ ಮೂರು ಪ್ರತಿಯಲ್ಲಿ ವರದಿ ಬರೆಯಬೇಕಿತ್ತು. ನಮಗೆ ಏಟು ಬಿದ್ದರೆ ಒಂದು ರಜೆ ಚೀಟಿ ಸಾಕಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಹೆಂಗಸರ ಮೈಯಲ್ಲಿ ಒಂದು ಹುಳ ಎಷ್ಟು ಹಬ್ಬಿದೆ, ಅದಕ್ಕೆ ಕೊಡುವ ಗುಳಿಗೆ ಇನ್ನೂ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡುವುದು ನಮಗೆ ಒಪ್ಪಿಸಿದ ಕೆಲಸ. ಹುಳವೆಂದರೆ ಬರಿಗಣ್ಣಿಗೆ ಕಾಣುವ ಹುಳವಲ್ಲ. ಟ್ರೈಕೊಮೊನಾಸ್ ಎಂದು ಅದರ ಹೆಸರು. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಹಾಸಿಗೆಯಲ್ಲಿ ದಾಟುತ್ತದೆ. ಹೆಂಗಸಿನ ಮೈಗೆ ಬಂದರೆ ಬಿಳಿ ಹೋಗುವುದು, ತುರಿಕೆ, ಉರಿ, ಬಸುರಿಯಾದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ. ಗಂಡಸಿನ ಮೈಗೆ ಬಂದರೆ ಹೆಚ್ಚಾಗಿ ಏನೂ ಇಲ್ಲ. ಅಲ್ಲಿ ಅದು ಮಾವನ ಮನೆಗೆ ಬಂದ ಅಳಿಯನ ಹಾಗೆ ಗದ್ದಲವಿಲ್ಲದೆ ಉಂಡುಕೊಂಡು ಕೂತಿರುತ್ತದೆ.

ಆದರೆ ಸಮೀಕ್ಷೆ ಹೆಂಗಸರದ್ದು ಮಾತ್ರ. ಕಾಗದದ ಮೇಲೆ ಹಾಗೆಯೇ ಮಂಜೂರಾಗಿತ್ತು. ಹುಳ ಹೆಂಗಸರ ಮೈಯಲ್ಲಿ ತಾನಾಗಿ ಮೊಳೆಯುತ್ತದೆಂದು ಮಂಜೂರು ಮಾಡಿದವರಿಗೆ ಅನ್ನಿಸಿರಬೇಕು. ಎಲ್ಲಿಯೋ ದೂರದ ಊರಿನಲ್ಲಿ ಕೂತು ಇದನ್ನೆಲ್ಲ ನಡೆಸುತ್ತಿದ್ದ ದೊಡ್ಡ ಸಾಹೇಬರೊಬ್ಬರಿದ್ದರು. ಅವರಿಗೆ ಬೇಕಾದದ್ದು ಗುಳಿಗೆಗೆ ಸಾಯದ ಹುಳ. ಗುಳಿಗೆಗೆ ಸಾಯುವ ಹುಳ ಎಲ್ಲರಲ್ಲೂ ಇರುತ್ತದೆ, ಅದರ ಮೇಲೆ ಏನು ಬರೆಯುವುದು? ಸಾಯದ ಹುಳ ಸಿಕ್ಕರೆ ಪರದೇಶದ ಸಭೆಗೆ ಹೋಗಿ ಭಾಷಣ ಮಾಡಬಹುದು. ಪ್ರತಿ ತಿಂಗಳ ಕಾಗದದಲ್ಲೂ ಅದೇ ಕೇಳುತ್ತಿದ್ದರು, ಊರಿಗೆ ಹೋದವರನ್ನು ಹಪ್ಪಳ ತಂದಿರಾ ಎಂದು ಕೇಳಿದ ಹಾಗೆ.

ನಮ್ಮ ಮೊದಲ ಕಷ್ಟ ಹುಳ ಹುಡುಕುವುದಾಗಿರಲಿಲ್ಲ, ಹುಳ ಇರುವ ತಾಲೂಕು ಹುಡುಕುವುದಾಗಿತ್ತು. ಇಂಡಿಯ ಹಿರಿಯರು ತಲೆಯ ಪಟಗಾ ಸರಿಮಾಡಿಕೊಂಡು, "ನಮ್ಮ ಕಡಿ ಅಂಥಾ ಬ್ಯಾನಿ ಇಲ್ರಿ, ಸಿಂದಗಿ ಕಡಿ ಕೇಳ್ರಿ" ಎಂದರು. ಸಿಂದಗಿಯವರು ಮುದ್ದೇಬಿಹಾಳದ ಕಡೆ ಕೈ ತೋರಿಸಿದರು. ಮುದ್ದೇಬಿಹಾಳದವರು ಬಾಗೇವಾಡಿಯೆಂದರು. ಬಾಗೇವಾಡಿ ನನ್ನ ತವರು. ಅಲ್ಲಿ ನಮ್ಮ ದೊಡ್ಡಪ್ಪನ ಗೆಳೆಯರೇ ನನ್ನ ಎದುರು ನಿಂತು, "ತಂಗಿ, ಇದು ಇಂಡಿ ಮಂದಿ ಬ್ಯಾನಿ" ಎಂದು ಸಾಕ್ಷಿ ನುಡಿದರು. ಇಷ್ಟು ಶುದ್ಧ ತಾಲೂಕುಗಳು ಒಂದರ ಪಕ್ಕ ಒಂದು ಇರುವುದು ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲವೆಂದು ಡ್ರೈವರ್ ಅಣ್ಣ ಗೇರು ಬದಲಿಸುತ್ತ ಹೇಳುತ್ತಿದ್ದ.

ಎರಡನೆಯ ಕಷ್ಟ ಪ್ರಶ್ನೆಪತ್ರಿಕೆಯದು. "ತಮಗೆ ಅಸಹಜ ಸ್ರಾವದ ತೊಂದರೆ ಇದೆಯೇ?" ಎಂದು ಅದರಲ್ಲಿ ಅಚ್ಚಾಗಿತ್ತು. ಡಾಕ್ಟರಬಾಯಿ ಮೈಸೂರು ಕಡೆಯವರು. ಅವರು ಅದನ್ನು ದೇವರ ನಾಮ ಹೇಳಿದಷ್ಟು ಮೃದುವಾಗಿ ಓದುತ್ತಿದ್ದರು. ಹೆಂಗಸರು ಅಷ್ಟೇ ಮೃದುವಾಗಿ "ಇಲ್ರಿ" ಎನ್ನುತ್ತಿದ್ದರು. ಒಂದು ದಿನ ನಾನು ಪ್ರಶ್ನೆಪತ್ರಿಕೆಯನ್ನು ಬದಿಗಿಟ್ಟು, ನಮ್ಮ ಅಜ್ಜಿ, ದೊಡ್ಡವ್ವ ಹಿತ್ತಲಲ್ಲಿ ಕೂತು ಕೇಳುತ್ತಿದ್ದ ಹಾಗೆ ಕೇಳಿದೆ: "ಯವ್ವಾ, ಬಿಳಿ ಹೋಗತೈತೇನು? ತುರಿಸತೈತೇನು? ಗಂಡನ ಬಾಜೂಕ ಮಲಗಾಕ ಬ್ಯಾಸರ ಆಗತೈತೇನು?" ಆ ಹೆಂಗಸು ಸೆರಗು ಬಾಯಿಗಿಟ್ಟು ನಕ್ಕು, ಹೊರಗೆ ಹೋಗಿ ಮತ್ತೆ ಆರು ಮಂದಿಯನ್ನು ಕರೆದುಕೊಂಡು ಬಂದಳು. ಅಂದಿನಿಂದ ಕೇಳುವ ಕೆಲಸ ನನ್ನದಾಯಿತು. ಅದಕ್ಕೆ ಬೇರೆ ಸಂಬಳವೇನೂ ಇರಲಿಲ್ಲ.

ಸಿಂದಗಿ ತಾಲೂಕಿನ ಯಂಕಂಚಿಗೆ ನಾವು ಮೊದಲ ಸಲ ಹೋದದ್ದು ದೀಪಾವಳಿ ಕಳೆದ ಮೇಲೆ. ಸಾಲೆಯ ಸಾಮಾನು ಕೋಣೆಗೆ ಒಂದು ಹಳೆಯ ಸೀರೆ ಅಡ್ಡಕಟ್ಟಿ, ಡಾಕ್ಟರಬಾಯಿ ಒಳಗೆ ಪರೀಕ್ಷೆ ಮಾಡುತ್ತಿದ್ದರು. ನಾನು ಕಿಟಕಿಯ ಹತ್ತಿರ ಸೂಕ್ಷ್ಮದರ್ಶಕ ಇಟ್ಟು, ಕರೆಂಟು ಇಲ್ಲದ್ದರಿಂದ ಅದರ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ಕೂತಿದ್ದೆ. ಈ ಹುಳವನ್ನು ಬಿಸಿ ಇರುವಾಗಲೇ ನೋಡಬೇಕು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಉಪ್ಪುನೀರು, ಅದರಲ್ಲಿ ಹತ್ತಿಯ ತುದಿ ಅದ್ದಿ, ಕೂಡಲೇ ಕಣ್ಣಿಟ್ಟರೆ ಬಾಲ ಬಡಿಯುತ್ತ ತಡವರಿಸಿ ಓಡಾಡುತ್ತಿರುತ್ತದೆ. ಹನಿ ತಣ್ಣಗಾದರೆ ಸುಮ್ಮನಾಗಿಬಿಡುತ್ತದೆ, ಆಮೇಲೆ ಅದನ್ನು ಗುರುತಿಸುವುದು ಆಗದ ಕೆಲಸ.

ಅಲ್ಲಿಗೆ ಮೂವರು ಒಟ್ಟಿಗೆ ಬಂದರು. ಅತ್ತೆ, ಹಿರಿಸೊಸೆ, ನಡುವಿನ ಸೊಸೆ. ಬ್ಯಾನಿ ನಡುವಿನವಳದು, ಮಾತು ಅತ್ತೆಯದು.

"ಇಕಿಗಿ ಬಿಳಿ ಹೋಗತೈತ್ರಿ ಬಾಯಾರ. ನಮ್ಮ ಮನ್ಯಾಗ ಇಂಥಾದ್ದು ಯಾರಿಗೂ ಇದ್ದಿಲ್ಲ. ತೌರಮನಿಂದ ತಂದಾಳ."

ತವರಿನಿಂದ ಬಂದ ಪಾತ್ರೆ ಪಡಗದ ಲೆಕ್ಕದಲ್ಲಿ ಇದನ್ನೂ ಸೇರಿಸಿದ್ದರು. ನಡುವಿನವಳು ಗೊಳಸಂಗಿಯಿಂದ ಮದುವೆಯಾಗಿ ಬಂದು ಐದು ವರ್ಷವಾಗಿತ್ತು. ಐದು ವರ್ಷ ದಾರಿಯಲ್ಲಿದ್ದು ಆಮೇಲೆ ತಲುಪಿದ ಬ್ಯಾನಿ ಅದೊಂದೇ ಇರಬೇಕು.

ಹನಿಯಲ್ಲಿ ಹುಳ ತುಂಬಿದ್ದವು. ಡಾಕ್ಟರಬಾಯಿಗೆ ತೋರಿಸಿದೆ. ಅವರು ನಡುವಿನವಳನ್ನೇ ಕರೆದು, "ನೀವೂ ನೋಡಿ ಅಮ್ಮ, ನಿಮ್ಮ ತಪ್ಪಲ್ಲ ಇದು" ಎಂದರು. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿದಳು.

"ಅಯ್ಯಯ್ಯ, ಓಡ್ಯಾಡಾಕತ್ತಾವಲ್ರಿ! ಇವಕ್ಕ ಕಣ್ಣ ಅದಾವೇನ್ರಿ?"

"ಇಲ್ಲವ್ವಾ."

"ಕಣ್ಣ ಇಲ್ಲಂದ್ರೂ ನನ್ನ ಮನಿ ಹ್ಯಾಂಗ ಸಿಕ್ತು ಇವಕ್ಕ?"

ಹಿರಿಸೊಸೆ ಕಿಸಕ್ಕನೆ ನಕ್ಕಳು. ಅತ್ತೆ ನೋಡಲು ಒಪ್ಪಲಿಲ್ಲ. "ಸೊಸಿ ಮೈಯಾಗಿಂದು ನಾ ಯಾಕ ನೋಡ್ಲಿ?" ಎಂದು ಬಾಗಿಲ ಕಡೆ ಮುಖ ಮಾಡಿದಳು.

ಗಂಡನೂ ಗುಳಿಗೆ ತೆಗೆದುಕೊಳ್ಳಬೇಕು ಎಂದು ಡಾಕ್ಟರಬಾಯಿ ಹೇಳಿದಾಗ ಆ ಮುಖ ಥಟ್ಟನೆ ತಿರುಗಿತು.

"ನನ್ನ ಮಗನಿಗೇನಾಗೇತ್ರಿ? ಕಲ್ಲ ತಿಂದು ಕರಗಸ್ತಾನ. ಈಗ ಊರಾಗ ಇಲ್ಲ, ಟ್ರ್ಯಾಕ್ಟರ್ ಸಾಮಾನ ತರಾಕ ಸೊಲ್ಲಾಪುರಕ್ಕ ಹೋಗ್ಯಾನ."

ನಮ್ಮ ಕಾಗದದಲ್ಲಿ ಗಂಡನಿಗೆ ಒಂದೇ ಒಂದು ಸಾಲು ಇತ್ತು: 'ಪತಿಗೆ ತಿಳಿವಳಿಕೆ ನೀಡಲಾಗಿದೆ, ಹೌದು ಅಥವಾ ಇಲ್ಲ'. ಹೆಂಡತಿಗೆ ಹೇಳಿದರೆ ಗಂಡನಿಗೆ ಹೇಳಿದಂತೆಯೇ ಎಂದು ಮೇಲಿನಿಂದ ಸೂಚನೆ ಬಂದಿತ್ತು. ಹಾಗಾಗಿ ನಾಲ್ಕು ತಾಲೂಕಿನ ಎಲ್ಲ ಗಂಡಂದಿರೂ ಸಂಪೂರ್ಣ ತಿಳಿವಳಿಕೆ ಉಳ್ಳವರಾಗಿದ್ದರು. 'ಹೌದು' ಎಂದು ಗುರುತು ಹಾಕಿ, ಹದಿನಾಲ್ಕು ಗುಳಿಗೆ ಪೊಟ್ಟಣ ಕಟ್ಟಿ, ಮುಂಜಾನೆ ಒಂದು, ಸಂಜೆ ಒಂದು, ಏಳು ದಿನ ಎಂದು ಮೂರು ಸಲ ಹೇಳಿ ಕೊಟ್ಟೆ. ಮೂವರೂ ತಲೆಯಾಡಿಸಿದರು.

ಅತ್ತೆ ಮುಂದೆ ಹೋದ ಮೇಲೆ ಹಿರಿಸೊಸೆ ಚಪ್ಪಲಿ ಹುಡುಕುವ ನೆವದಲ್ಲಿ ಹಿಂದೆ ಉಳಿದಳು.

"ಅಕ್ಕಾರ, ಚಲೋ ಗುಳಿಗಿ ಕೊಟ್ಟೀರಿಲ್ಲೋ? ಎರಡ ಕೂಸು ದಿನಾ ತುಂಬೂ ಮೊದ್ಲ ಹೋದವ್ರಿ ಇಕಿವು. ನಮ್ಮತ್ತಿ ದೇವರ ಹಿಪ್ಪರಗ್ಯಾಗ ತನ್ನ ತಮ್ಮನ ಮಗಳನ್ನ ನೋಡಿ ಇಟ್ಟಾಳ. ಈ ಬ್ಯಾನಿ ಹೋಗಲಿಲ್ಲಂದ್ರ, ಯುಗಾದಿ ಆದಮ್ಯಾಲ ಇಕಿನ್ನ ಗೊಳಸಂಗಿಗಿ ಕಳಿಸಿ ಆಕಿನ್ನ ತರ್ತಾಳ."

"ನಿಮ್ಮ ಮೈದುನ ಏನಂತಾನ?"

"ಅಂವಾ ಏನಂತಾನ್ರಿ? ಹೊಸಾದು ಬರತೈತಿ ಅಂದ್ರ ಯಾರ ಬ್ಯಾಡ ಅಂತಾರ?"

ಜೀಪಿನಲ್ಲಿ ನಾನು ಇದನ್ನು ಡಾಕ್ಟರಬಾಯಿಗೆ ಹೇಳಿದೆ. "ಏಳು ದಿನ ತಗೊಂಡರೆ ಹೋಗೇ ಹೋಗುತ್ತೆ ಕಣ್ರೀ" ಎಂದರು, ನನಗಿಂತ ಹೆಚ್ಚಾಗಿ ತಮಗೇ ಹೇಳಿಕೊಂಡ ಹಾಗೆ.

ಎಳ್ಳಮವಾಸೆಗೆ ಮುಂಚೆ ಎರಡನೆಯ ಸಲ ಹೋದೆವು. ಈ ಸಲ ದೊಡ್ಡ ಸಾಹೇಬರೂ ಬಿಳಿ ಕಾರಿನಲ್ಲಿ ಬಂದಿದ್ದರು. ಕಾರಿನಿಂದ ಇಳಿದು, ಎರೆಮಣ್ಣು ಬೂಟಿಗೆ ಹತ್ತದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಸಾಲೆಗೆ ಬಂದರು. ನಡುವಿನವಳ ಹನಿ ನೋಡಿದೆ. ಹುಳ ಇದ್ದವು. ಮೊದಲ ಸಲದಷ್ಟೇ ಲವಲವಿಕೆಯಿಂದ ಇದ್ದವು. ನಂಬಿಕೆ ಬರದೆ ಕನ್ನಡಿ ತಿರುಗಿಸಿ ಇನ್ನೊಮ್ಮೆ ನೋಡಿದೆ. ಸಾಹೇಬರ ಮುಖ ಮಾತ್ರ ಗಂಡುಮಗು ಹುಟ್ಟಿದ ಸುದ್ದಿ ಕೇಳಿದವರ ಹಾಗೆ ಅರಳಿತು.

"ಗುಳಿಗೆ ಎಲ್ಲಾ ತಗೊಂಡಿದ್ದೀಯಾ?" ಎಂದು ಅವಳನ್ನು ಕೇಳಿದರು.

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ, "ಒಂದೂ ಉಳದಿಲ್ರಿ, ಎಲ್ಲಾ ಮುಗದಾವ" ಎಂದಳು.

"ನೋಡಿದಿರಾ? ಪೂರ್ತಿ ತಗೊಂಡರೂ ಸತ್ತಿಲ್ಲ! ಔಷಧಕ್ಕೆ ಬಗ್ಗದ ತಳಿ. ನಮಗೆ ಸಿಕ್ಕೇಬಿಟ್ಟಿತು. ಬರೀರಿ, ಬರೀರಿ" ಎಂದು ಸಾಹೇಬರು ನನ್ನ ಕಡೆ ತಿರುಗಿದರು.

ಪ್ರತಿ ಹೆಂಗಸಿಗೂ ನಾವು ಒಂದು ಹಳದಿ ಕಾರ್ಡು ಕೊಟ್ಟಿದ್ದೆವು. ಅದರ ಮೇಲೆ ಬರೆಯುವವಳು ನಾನು. ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದರು, ನಾನು ಅವಳಿಗೂ ತಿಳಿಯಲಿ ಎಂದು ಶಾಣೆತನ ಮಾಡಿ ಕನ್ನಡದಲ್ಲಿ ಬರೆದೆ: 'ಈ ರೋಗಕ್ಕೆ ಔಷಧ ನಾಟುವುದಿಲ್ಲ.' ನನ್ನ ಅಕ್ಷರ ದುಂಡಗಿತ್ತು. ಸಾಲೆಯಲ್ಲಿ ಅದಕ್ಕೆ ಬಹುಮಾನವನ್ನೂ ಕೊಟ್ಟಿದ್ದರು. ಆ ದುಂಡಗಿನ ಅಕ್ಷರದ ಕೆಳಗೆ ಸಾಹೇಬರು ಸಹಿ ಮಾಡಿದರು. ಡಾಕ್ಟರಬಾಯಿ, "ಸರ್, ಮೊದಲು ಕೊಳವೆಯಲ್ಲಿ ಪರೀಕ್ಷೆ ಆಗಲಿ" ಎಂದದ್ದು ಅವರಿಗೆ ಕೇಳಿಸಲಿಲ್ಲ. ಸಂತೋಷದಲ್ಲಿ ಕಿವಿ ಮಂದವಾಗುತ್ತದೆ.

ಕೊಳವೆಯ ಪರೀಕ್ಷೆಯೆಂದರೆ, ಹುಳವನ್ನು ಗಾಜಿನ ಕೊಳವೆಗಳಲ್ಲಿ ಅದಕ್ಕೆ ಬೇಕಾದ ಆಹಾರ ಹಾಕಿ ಬೆಳೆಸಿ, ಗುಳಿಗೆಯ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಬೆರೆಸಿ, ಎಷ್ಟಕ್ಕೆ ಸಾಯುತ್ತದೆ ಎಂದು ನೋಡುವುದು. ಕೊಳವೆಗಳು ಮೈಯಷ್ಟು ಬೆಚ್ಚಗಿರಬೇಕು. ಜೀಪಿನಲ್ಲಿ ಅಂಥ ಪೆಟ್ಟಿಗೆ ಇರಲಿಲ್ಲ. ನಡುವಿನವಳ ಹನಿ ಹಾಕಿದ ಕೊಳವೆಗಳನ್ನು ಬಟ್ಟೆಯಲ್ಲಿ ಸುತ್ತಿ, ಸೀರೆಯ ನಡುವಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಬಿಜಾಪುರದವರೆಗೆ ಕೂತೆ. ಡ್ರೈವರ್ ಅಣ್ಣ ತಗ್ಗು ಬಂದಾಗಲೆಲ್ಲ ವೇಗ ಇಳಿಸಿ, "ಬಾಣಂತಿತನ ಯಾರ ಮನ್ಯಾಗ ಅಕ್ಕಾ?" ಎಂದು ಕೇಳುತ್ತಿದ್ದ.

ಕೆಲವು ದಿನದಲ್ಲಿ ಕೊಳವೆಗಳು ಉತ್ತರ ಹೇಳಿದವು. ಯಂಕಂಚಿಯ ಆ ಹುಳಗಳು ಬಡಪಾಯಿಗಳಂತೆ, ಕಡಿಮೆ ಪುಡಿ ಹಾಕಿದ ಕೊಳವೆಯಲ್ಲೇ ಸತ್ತು ಬಿದ್ದಿದ್ದವು. ಇನ್ನೊಂದು ಸಲ ಮಾಡಿ ನೋಡಿದೆ. ಮತ್ತೆ ಸತ್ತವು. ಸಾಹೇಬರಿಗೆ ಫೋನು ಮಾಡಿದರೆ, "ಕೊಳವೆ ಸರಿಯಾಗಿ ತೊಳೆದಿರಲಿಕ್ಕಿಲ್ಲ" ಎಂದರು. ಅವರ ಭಾಷಣ ಅಷ್ಟರಲ್ಲಿ ಅರ್ಧ ಟೈಪಾಗಿತ್ತಂತೆ.

ಡಾಕ್ಟರಬಾಯಿ ಫೋನು ಇಟ್ಟು ನನ್ನನ್ನು ನೋಡಿದರು. "ಗುಳಿಗೆಗೆ ಸಾಯುತ್ತೆ. ಗುಳಿಗೆ ಕೊಟ್ಟಿದ್ದೀವಿ. ಆದರೂ ಇದೆ. ಹಾಗಾದರೆ ಗುಳಿಗೆ ಎಲ್ಲಿಗೆ ಹೋಯ್ತು?"

ಯಂಕಂಚಿಗೆ ಹೋಗಲು ನಮಗೆ ಅಪ್ಪಣೆ ಇರಲಿಲ್ಲ, ಸರದಿ ಇಂಡಿಯದಾಗಿತ್ತು. ಡ್ರೈವರ್ ಅಣ್ಣನಿಗೆ ವಿಷಯ ಹೇಳಿದೆವು. ಜೀಪು ಇಂಡಿಗೆ ಹೊರಟು, ಹೇಗೋ ಏನೋ, ಯಂಕಂಚಿಯ ಆ ಮನೆಯ ಮುಂದೆ ಕೆಟ್ಟು ನಿಂತಿತು. ಕೆಟ್ಟ ಜೀಪಿನ ಬಾನೆಟ್ಟಿನ ಮೇಲೆ ಕೂತು ಅವನು ಶೇಂಗಾ ತಿನ್ನತೊಡಗಿದ.

ಒಳಗೆ ಅಡಿಗೆಮನೆಯ ಬಾಗಿಲಲ್ಲಿ ಒಂದು ಟ್ರಂಕು ಇತ್ತು. ನಡುವಿನವಳು ಅದರ ಪಕ್ಕದಲ್ಲಿ ತನ್ನ ಸೀರೆಗಳನ್ನು ಮಡಚುತ್ತಿದ್ದಳು. ಅತ್ತೆ ನಮ್ಮನ್ನು ನೋಡಿ, ಗೂಡಿನಿಂದ ಹಳದಿ ಕಾರ್ಡು ತೆಗೆದು ತಂದಳು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದ್ದಳು.

"ಬರ್ರಿ ಬಾಯಾರ, ಕುಂದರ್ರಿ. ನೀವು ಬರದು ಕೊಟ್ಟದ್ದು ಭಾಳ ಚಲೋ ಆತು. ಸಣ್ಣ ಸೊಸಿ ಓದಿ ಹೇಳಿದ್ಲು. ಔಷಧ ನಾಟೂದಿಲ್ಲಂತ, ದೊಡ್ಡ ಡಾಕ್ಟರ ಸಹಿ ಐತಿ. ಗೊಳಸಂಗಿ ಬೀಗರಿಗೂ ಓದಸಿದ್ವಿ. ಅವರೂ ಬಾಯಿ ಮುಚಗೊಂಡು ಹೋದ್ರು. ಔಷಧ ನಾಟದಾಕಿನ್ನ ಯುಗಾದಿ ತನಕ ಇಟಗೊಂಡು ನಾವೇನ ಮಾಡೂಣ್ರಿ?"

ನಾನು ಹುಳದ ಮೇಲೆ ಬರೆದದ್ದನ್ನು ಇವರು ಅವಳ ಮೇಲೆ ಓದಿಕೊಂಡಿದ್ದರು. ದುಂಡಗಿನ ಅಕ್ಷರವಾಗಿದ್ದರಿಂದ ಓದಲು ಎಲ್ಲಿಯೂ ತೊಡಕಾಗಿರಲಿಲ್ಲ.

ಡಾಕ್ಟರಬಾಯಿ ಸಾವಧಾನವಾಗಿ ಕೇಳಿದರು: "ಅಮ್ಮ, ಆ ಹದಿನಾಲ್ಕು ಗುಳಿಗೆ ಹೇಗೆ ತಗೊಂಡರು?"

"ಹ್ಯಾಂಗ ಅಂದ್ರ? ಪಾಲ ಮಾಡಿದೆವ್ರಿ."

"ಪಾಲು?"

"ಮೂರ ಮಂದಿ ಸೊಸೇರು ಅದಾರಲ್ರಿ. ನಮ್ಮ ಮನ್ಯಾಗ ಏನ ಬರಲಿ, ಮೂರ ಪಾಲ. ಸೀರಿ ಬಂದ್ರ ಮೂರು, ಬಳಿ ಬಂದ್ರ ಮೂರ ಕೈಗೆ. ಒಬ್ಬಾಕಿಗಿ ಕೊಟ್ಟು ಇಬ್ಬರಿಗಿ ಬಿಟ್ಟ ಅತ್ತಿ ಅಲ್ಲ ನಾ. ನಾಕ ನಾಕ ಕೊಟ್ಟೇನಿ."

ನಾನು ಬೆರಳು ಮಡಚಿದೆ. "ಹನ್ನೆರಡ ಆದವು. ಉಳದ ಎರಡ?"

"ನನ್ನ ಮೊಣಕಾಲಿಗಿ ತಗೊಂಡೇನ್ರಿ. ಗುಣಾ ಬಿತ್ತು."

ಹಿರಿಸೊಸೆ ಒಲೆಯ ಹಿಂದಿನಿಂದ, "ನನಗ ಏನೂ ಆಗಿದ್ದಿಲ್ರಿ, ಪಾಲ ಬಂತಂತ ನುಂಗೇನಿ. ಮೂರ ದಿನ ಬಾಯಾಗ ತಾಮ್ರದ ತಂಬಿಗಿ ನೆಕ್ಕಿದಂಗ ಆಗಿತ್ತು" ಎಂದಳು.

ನಾಲ್ಕು ತಾಲೂಕುಗಳಲ್ಲಿ ಇಷ್ಟು ನ್ಯಾಯವಂತ ಮನೆ ನಾನು ಇನ್ನೊಂದು ಕಂಡಿಲ್ಲ. ಆ ನ್ಯಾಯದಿಂದಲೇ ಅವಳ ಟ್ರಂಕು ತುಂಬುತ್ತಿತ್ತು. ಡಾಕ್ಟರಬಾಯಿ ಕನ್ನಡಕ ತೆಗೆದು ಒರೆಸತೊಡಗಿದರು, ನಗುವುದೋ ಅಳುವುದೋ ಗೊತ್ತಾಗದವರ ಹಾಗೆ. ಆದರೆ ಇದು ಅರ್ಧ ಉತ್ತರ ಮಾತ್ರ. ಹದಿನಾಲ್ಕೂ ಅವಳೇ ನುಂಗಿದ್ದರೂ, ಸೊಲ್ಲಾಪುರದಿಂದ ಸಾಮಾನು ತರುವವನು ಹಾಗೆಯೇ ಉಳಿದಿದ್ದರೆ ಹುಳ ತಿರುಗಿ ಬರುತ್ತಿತ್ತು. ಅದನ್ನು ಈ ಅತ್ತೆಗೆ ಹೇಳುವುದು ಹೇಗೆ?

ನಾನು ನಡುವಿನವಳ ಹತ್ತಿರ ಹೋಗಿ ಕೂತು, ಮೆಲ್ಲಗೆ ಕೇಳಿದೆ: "ತಂಗಿ, ನಿನ್ನ ಬ್ಯಾನಿ ಸುದ್ದಿ ಗಂಡಸರ ಮುಂದ ತಗೀಬೇಕಾಗತೈತಿ. ತಗೀಲೇನು?"

ಅವಳು ಕೈಯಲ್ಲಿದ್ದ ಸೀರೆಯನ್ನು ಟ್ರಂಕಿನ ಮೇಲಿಟ್ಟಳು. "ತಗೀರಿ ಅಕ್ಕಾರ. ಊರೆಲ್ಲಾ ಓದೇತಿ. ಇನ್ನೇನ ಮುಚ್ಚಿಡೂದೈತಿ?"

ಅತ್ತೆಯ ಮುಂದೆ ಬಂದು ಕೈ ಮುಗಿದೆ. "ಅವ್ವಾರ, ಈ ಕಾರ್ಡಿನ ಮ್ಯಾಲ ಬರದಾಕಿ ನಾನ. ತಪ್ಪ ಬರದೇನಿ. ಔಷಧ ನಾಟತೈತಿ. ಗಾಜಿನ ಕೊಳವ್ಯಾಗ ಹಾಕಿ ನನ್ನ ಕಣ್ಣಲೇ ನೋಡೇನಿ, ಎಲ್ಲಾ ಸತ್ತವು."

"ಮತ್ತ ಇಕಿಗ್ಯಾಕ ನಾಟಿಲ್ಲ?"

"ಪಾಲ ತಪ್ಪೇತ್ರಿ."

ಆಕೆಯ ಬೆನ್ನು ನೆಟ್ಟಗಾಯಿತು. ಸೊಸೆಯ ಬ್ಯಾನಿ ಹೋಗಲಿ ಬಿಡಲಿ, ಪಾಲು ತಪ್ಪಿದೆಯೆಂಬ ಮಾತನ್ನು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

"ನನ್ನ ಕೈಲೆ ಪಾಲ ತಪ್ಪೂದಿಲ್ಲ. ಯಾರಿಗಿ ತಪ್ಪೇತಿ?"

"ಗಂಡಸರಿಗಿ. ಈ ಗುಳಿಗಿ ಗಂಡ ಹೆಂಡತಿ ಇಬ್ಬರೂ ಒಂದ ದಿನ, ತುಂಬ ಪಾಲ ತಗೊಂಡ್ರನ ನಾಟೂದು. ಇಬ್ಬರೊಳಗ ಒಬ್ರ ತಗೊಂಡ್ರ ಹುಳಾ ಆ ಮನಿ ಬಿಟ್ಟು ಈ ಮನಿಗಿ ಬರತೈತಿ. ಬಾಯಿ ಕಹಿ ಮಾಡ್ಕೊಳ್ಳಾಕ ಸೊಸೇರ, ಸುಮ್ಕ ಕುಂದ್ರಾಕ ಮಕ್ಕಳು, ಇದು ಯಾವ ಪಾಲ್ರಿ ಅವ್ವಾರ?"

ಆಕೆ ಯೋಚಿಸಿದಳು. ಆಮೇಲೆ ಅಂಗಳಕ್ಕೆ ಹೋಗಿ, ಹೊಲಕ್ಕೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಮೂವರು ಮಕ್ಕಳನ್ನೂ ಕರೆದಳು.

ಅಂದು ಟ್ರ್ಯಾಕ್ಟರ್ ಅದೃಷ್ಟವಶಾತ್ ಕೆಟ್ಟಿರಲಿಲ್ಲ, ಹಾಗಾಗಿ ನಡುವಿನವನೂ ಊರಲ್ಲಿದ್ದ. ಮೂವರೂ ಕೈಕಾಲು ತೊಳೆದು ಪಡಸಾಲೆಯಲ್ಲಿ ಸಾಲಾಗಿ ಕೂತರು. ಡಾಕ್ಟರಬಾಯಿ ಮೂವರು ಮಕ್ಕಳಿಗೂ ಮೂವರು ಸೊಸೆಯಂದಿರಿಗೂ ಐದೈದು ಗುಳಿಗೆ ಎಣಿಸಿ ಅತ್ತೆಯ ಕೈಗೆ ಕೊಟ್ಟರು. ಒಂದೇ ಸಲಕ್ಕೆ ನುಂಗುವ ಲೆಕ್ಕ ಅದು. ನಿಜ ಹೇಳಬೇಕೆಂದರೆ ಮೂರು ಜೋಡಿಗೂ ಬೇಕಾಗಿರಲಿಲ್ಲ, ಒಂದು ಜೋಡಿಗೆ ಸಾಕಾಗಿತ್ತು. ಆದರೆ ಒಬ್ಬನಿಗೇ ಕೊಟ್ಟರೆ ಅದು ಆ ಮನೆಯ ಪದ್ಧತಿ ಆಗುತ್ತಿರಲಿಲ್ಲ. ಡಾಕ್ಟರಬಾಯಿ ನನ್ನ ಕಿವಿಯಲ್ಲಿ, "ಇದನ್ನ ಎಲ್ಲೂ ಬರೀಬೇಡಿ" ಎಂದರು. ಈಗ ಬರೆದೆ.

ಸೊಸೆಯಂದಿರು ನುಂಗಿದರು, ಹಿರಿಯವನು ನುಂಗಿದ, ಕಿರಿಯವನು ನುಂಗಿದ. ನಡುವಿನವನು ಅಂಗೈಯಲ್ಲಿ ಗುಳಿಗೆ ಹಿಡಿದು, "ನನಗ ಏನೂ ಆಗಿಲ್ಲ, ನಾ ಯಾಕ ತಗೋಬೇಕು?" ಎಂದ.

"ಅಣ್ಣನಿಗಿ ಏನಾಗಿತ್ತು? ಅಂವಾ ತಗೊಂಡಿಲ್ಲ?" ಎಂದಳು ತಾಯಿ.

"ಇಂದ ಬ್ಯಾಡವ್ವ. ಸಂಜೀಕ ಗೆಳೆಯಾರ ಕೂಡ ಕುಂದ್ರೂದೈತಿ. ಈ ಗುಳಿಗಿ ಮ್ಯಾಲ ಸೆರೆ ಕುಡದ್ರ ಕರಳ ಹೊರಗ ಬರತಾವ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಈ ಗುಳಿಗೆಯ ಮೇಲೆ ಕುಡಿದರೆ ವಾಂತಿ ತಡೆಯಲಾಗುವುದಿಲ್ಲ. ಆದರೆ ನಾವು ಯಾರೂ ಅದನ್ನು ಇನ್ನೂ ಹೇಳಿರಲಿಲ್ಲ. ಡಾಕ್ಟರಬಾಯಿ ಹೇಳಬೇಕೆಂದು ಬಾಯಿ ತೆರೆದಿದ್ದರು ಅಷ್ಟೆ.

"ಅದು ಹ್ಯಾಂಗ ಗೊತ್ತು ನಿನಗ?" ತಾಯಿ ಕೇಳಿದಳು.

ಅವನು ಗುಳಿಗೆಗಳನ್ನೇ ನೋಡಿದ. "ಯಾರೋ ಅಂದ್ರು."

"ಯಾರ ಅಂದ್ರು? ಎಲ್ಲಿ ಅಂದ್ರು?"

ಉತ್ತರ ಒಲೆಯ ಹಿಂದಿನಿಂದ ಬಂತು. "ಸೊಲ್ಲಾಪುರದಾಗ ಟ್ರ್ಯಾಕ್ಟರ್ ಬಾಜೂಕ ಮೈದುನಾರನ್ನೂ ರಿಪೇರಿಗಿ ಬಿಟ್ಟಿದ್ರೇನೋ, ಅತ್ತಿ" ಎಂದಳು ಹಿರಿಸೊಸೆ.

ಕಿರಿಯವನು ನಗು ತಡೆಯಲಾರದೆ ಎದ್ದು ಹೊರಗೆ ಹೋದ. ನಡುವಿನವನ ಕಿವಿ ಕೆಂಪಾದವು. ಸೊಲ್ಲಾಪುರದ ಯಾವುದೋ ದವಾಖಾನೆಯಲ್ಲಿ ಅವನು ಹಿಂದೊಮ್ಮೆ ಇದೇ ಗುಳಿಗೆ ನುಂಗಿ, ತಾನೊಬ್ಬನೇ ವಾಸಿಯಾಗಿ, ಮನೆಗೆ ಬಂದು ಹೆಂಡತಿಗೆ ಒಂದು ಮಾತೂ ಹೇಳದೆ, ಆಕೆಯಿಂದ ತನ್ನದನ್ನೇ ಮರಳಿ ಪಡೆದಿದ್ದ. ಇದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಯಾರೂ ಕೇಳುವ ಅಗತ್ಯವೂ ಉಳಿಯಲಿಲ್ಲ. ಎರಡು ಕೂಸುಗಳ ಲೆಕ್ಕ ಆ ಪಡಸಾಲೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಒಮ್ಮೆ ಹಾದುಹೋದದ್ದು ಮುಖಗಳ ಮೇಲೆ ಕಾಣುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನೀರಿನ ತಂಬಿಗೆ ತಂದು ಅವನ ಮುಂದೆ ಇಟ್ಟಳು.

"ನುಂಗ್ರಿ" ಎಂದಳು.

ಅವನು ತಾಯಿಯ ಕಡೆ ನೋಡಿದ. ತಾಯಿ ಗೋಡೆಯ ಕಡೆ ನೋಡಿದಳು. ನುಂಗಿದ.

ಸಾಹೇಬರು ನಾಲ್ಕು ತಾಲೂಕಿನಲ್ಲಿ ಹುಡುಕುತ್ತಿದ್ದ ಔಷಧಕ್ಕೆ ಬಗ್ಗದ ತಳಿ ಹೀಗೆ ನಮ್ಮ ಕಣ್ಣೆದುರಿಗೆ ಪಂಚೆ ಉಟ್ಟು ಕೂತಿತ್ತು. ಅದನ್ನು ಸ್ಲೈಡಿನ ಮೇಲೆ ಹಾಕಿ ಅವರಿಗೆ ತೋರಿಸುವ ದಾರಿ ನಮಗೆ ತಿಳಿಯಲಿಲ್ಲ.

ಅತ್ತೆ ತನ್ನ ತಪ್ಪಾಯಿತೆಂದು ಅನ್ನಲಿಲ್ಲ. ಅಂಥದ್ದನ್ನು ಅತ್ತೆಯಂದಿರಿಂದ ನಿರೀಕ್ಷಿಸುವಷ್ಟು ಎಳೆಯರು ನಾವೂ ಆಗಿರಲಿಲ್ಲ. ನಾವು ಹೊರಡುವಾಗ ಡಾಕ್ಟರಬಾಯಿಗೆ ಒಂದು ಗಂಟು ಹುರಿದ ಶೇಂಗಾ ಕೊಟ್ಟು, ನನಗೂ ಡ್ರೈವರ್ ಅಣ್ಣನಿಗೂ ಅಷ್ಟಷ್ಟೇ ತೂಕದ ಗಂಟು ಕೊಟ್ಟಳು. ಹಳದಿ ಕಾರ್ಡನ್ನು ನಾನು ಮರಳಿ ಕೇಳಿದೆ. "ಇರಲಿ ಬಿಡ್ರಿ" ಎಂದು ಸುತ್ತು ಬಳಸಿ, ಕೊನೆಗೆ ಕೊಟ್ಟಳು. ನಾನು ಹೊಸದು ಬರೆದುಕೊಟ್ಟೆ. ಅದನ್ನು ಆಕೆ ಪ್ಲಾಸ್ಟಿಕ್ ಚೀಲದಲ್ಲಿ ಇಡಲಿಲ್ಲ.

ಜೋಳದ ರಾಶಿಯ ಕಾಲಕ್ಕೆ ಮೂರನೆಯ ಸಲ ಹೋದಾಗ ನಡುವಿನವಳ ಹನಿಯನ್ನು ಮೂರು ಸಲ ಮಾಡಿ ನೋಡಿದೆ. ಖಾಲಿ. ಅವಳೇ ಬಂದು ಬಗ್ಗಿದಳು, ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಯಾರೂ ಇಲ್ಲಲ್ರಿ ಅಕ್ಕಾರ."

"ಇಲ್ಲವ್ವಾ."

"ಹಿಂಗ ಇರತೈತೇನ್ರಿ ಮಂದೀದು?" ಎಂದಳು.

ಯುಗಾದಿ ಬಂತು, ಹೋಯಿತು. ದೇವರ ಹಿಪ್ಪರಗಿಯ ಹುಡುಗಿಯ ಮಾತನ್ನು ಆ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ, ಯಾರೂ ಎತ್ತಲೂ ಇಲ್ಲ. ಸಾಹೇಬರು ಯಾವ ಊರಿಗೋ ಹೋಗಿ ಭಾಷಣ ಮಾಡಿ ಬಂದರೆಂದು ಕೇಳಿದೆವು. ನಮ್ಮ ಕೊಳವೆಗಳ ವಿಷಯ ಅದರಲ್ಲಿ ಇತ್ತೋ ಇಲ್ಲವೋ ನಮಗೆ ಯಾರೂ ತಿಳಿಸಲಿಲ್ಲ. ಕೊಳವೆಗಳನ್ನು ಮಾತ್ರ ಅಂದಿನಿಂದ ಎರಡೆರಡು ಸಲ ತೊಳೆಯಬೇಕೆಂದು ಆದೇಶ ಬಂತು.

ಮರುವರ್ಷ ಯುಗಾದಿ ಕಳೆದ ಮೇಲೆ ಸಿಂದಗಿಯಲ್ಲಿ ನಮ್ಮ ಶಿಬಿರವಿತ್ತು. ಮಧ್ಯಾಹ್ನ ಹೆಂಗಸರ ಸಾಲು ಕರಗಿದ ಮೇಲೆ, ತಲೆಗೆ ಟವೆಲು ಹೊದ್ದ ಒಬ್ಬ ಗಂಡಸು ಬಾಗಿಲಲ್ಲಿ ನಿಂತಿದ್ದ. ಯಂಕಂಚಿಯ ನಡುವಿನವನು. ನಮ್ಮ ಶಿಬಿರಕ್ಕೆ ತಾನಾಗಿ ಬಂದ ಮೊದಲ ಗಂಡಸು.

"ಆ ಗುಳಿಗಿ ಕೊಡ್ರಿ ಅಕ್ಕಾರ" ಎಂದ.

"ಸೊಲ್ಲಾಪುರಕ್ಕ ಹೋಗಿದ್ರೇನು?"

ನೆಲ ನೋಡುತ್ತ ತಲೆಯಾಡಿಸಿದ.

"ಆಕಿಗೂ ಬೇಕಲ್ಲ ಮತ್ತ? ಆಕಿ ಎಲ್ಲಿ?"

"ಆಕಿಗಿ ಬ್ಯಾಡ್ರಿ. ನಾ ತಿರಗಿ ಬಂದಾಗಿಂದ ಕಟ್ಟಿ ಮ್ಯಾಲ ಮಲಗೇನ್ರಿ. ಒಳಗ ಬಿಟ್ಟಿಲ್ಲ. ಆಕಿಗಿ ಈಗ ಐದರಾಗ ಐತ್ರಿ. ನುಂಗಿ, ಡಾಕ್ಟರಬಾಯಾರ ಕಡಿಂದ ಚೀಟಿ ಬರಸ್ಕೊಂಡು ಬಾ ಅಂದಾಳ. ಬಸ್ ಸ್ಟ್ಯಾಂಡಿನಾಗ ಕುಂತಾಳ."

ಡಾಕ್ಟರಬಾಯಿ ಗುಳಿಗೆ ಕೊಟ್ಟರು. ನಮ್ಮ ಮುಂದೆಯೇ ಐದನ್ನೂ ನುಂಗಿದ. ಚೀಟಿ ನಾನು ಬರೆದೆ, ಅವರು ಸಹಿ ಮಾಡಿದರು. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದ.

ಆ ಶ್ರಾವಣದಲ್ಲಿ ಅವಳು ದಿನ ತುಂಬಿ ಒಂದು ಹೆಣ್ಣು ಕೂಸು ಹೆತ್ತಳು.